ನದಿಗೆ ಮೀನು ಬಿಡುವ ಮುನ್ನ, ಅಲ್ಲಿ ಯಾವ ಮೀನಿದೆ ಅಂತ ನೋಡೋಣ

ನದಿಗೆ ಮೀನುಮರಿ ಬಿಡುವುದು ಪುಣ್ಯದ ಕೆಲಸ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಪುಣೆಯ ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲೂ ಮೊನ್ನೆ ಈ ಮಾತು ಬಂತು. ಈ ಸಲ ರಾಜ್ಯೋತ್ಸವಕ್ಕೆ ಊರೊಳಗೇ ಹರಿಯುವ ಮುಠಾ ನದಿಗೆ ಒಂದಷ್ಟು ಮೀನುಮರಿ ಬಿಡೋಣ, ಸೊಳ್ಳೆನೂ ಕಡಿಮೆ ಆಗುತ್ತೆ, ನದಿಗೂ ಜೀವ ಬರುತ್ತೆ ಅಂತ ಹಿರಿಯರೊಬ್ಬರು ಬರೆದರು. ಅವರ ಮನಸ್ಸು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೂ ನಾನು ಬೇಡ ಸಾರ್ ಅಂದೆ. ಯಾಕೆ ಅನ್ನುವುದನ್ನು ಅಲ್ಲಿ ನಾಲ್ಕು ಸಾಲಲ್ಲಿ ಹೇಳೋಕಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪುಣೆಗೂ ನಮ್ಮ ಕಾವೇರಿಗೂ ಒಂದು ಮೀನಿನ ನಂಟಿದೆ. ಕಂಪನಿ ಸರ್ಕಾರದ ಕಾಲದಲ್ಲಿ ಕರ್ನಲ್ ಸೈಕ್ಸ್ ಅನ್ನುವ ಅಧಿಕಾರಿ ದಖ್ಖನಿನ ಅಂಕಿ ಅಂಶ ಸಂಗ್ರಹಿಸುತ್ತಾ ಊರೂರು ಸುತ್ತಿದರು. ಇಲ್ಲಿನ ನದಿಗಳ ಮೀನುಗಳನ್ನೂ ಬರೆದಿಟ್ಟರು. 1839ರಲ್ಲಿ ಅವರು ವಿವರಿಸಿದ ಮೀನುಗಳಲ್ಲಿ ಒಂದು ಖುದ್ರಿ. ಅದು ಸಿಕ್ಕಿದ್ದು ಪುಣೆಯ ಪೂರ್ವಕ್ಕೆ, ಮುಠಾಗೆ ಮುಳಾ ಸೇರಿ ಆಗುವ ಇದೇ ಮುಳಾ-ಮುಠಾ ನದಿಯಲ್ಲಿ. ಇವತ್ತು ವಿಜ್ಞಾನಿಗಳು ಅದನ್ನು ಟಾರ್ ಖುದ್ರಿ ಅನ್ನುತ್ತಾರೆ. ಮಹಶೀರ್ ಅನ್ನುವ ದೊಡ್ಡ ಸಿಹಿನೀರಿನ ಮೀನುಗಳ ಕುಲದ್ದು, ನೀಲಿ ಛಾಯೆಯ ರೆಕ್ಕೆ. ಈ ಮೀನಿಗೆ ಹರಿಯುವ ತಿಳಿನೀರು ಬೇಕು. ಮೊಟ್ಟೆ ಇಡಲು ನದಿಯ ತಳದಲ್ಲಿ ಜಲ್ಲಿಕಲ್ಲು ಬೇಕು. ಮಳೆಗಾಲದಲ್ಲಿ ಹೊಳೆಯಲ್ಲಿ ಮೇಲಕ್ಕೆ ಹೋಗಲು ದಾರಿ ಬೇಕು. ಅಣೆಕಟ್ಟು ಬಂತು, ಚರಂಡಿ ಬಂತು, ಮೂರೂ ಹೋದವು.

ಖುದ್ರಿಯನ್ನು ಉಳಿಸಬೇಕು ಅಂತ 1970ರ ದಶಕದಲ್ಲಿ ಲೋನಾವಳದಲ್ಲಿ ಟಾಟಾ ಪವರ್‌ನವರು ಮೀನುಮರಿ ಕೇಂದ್ರ ನಡೆಸತೊಡಗಿದರು. ವಳವಣ ಕೆರೆಯ ಪಕ್ಕದಲ್ಲಿ ತಾಯಿಮೀನಿನ ಮೊಟ್ಟೆ ತೆಗೆದು ಮರಿ ಮಾಡುವ ವಿದ್ಯೆಯನ್ನು ಕಲಿತರು. ಅದೇನೂ ಸಣ್ಣ ಸಾಧನೆಯಲ್ಲ. ಅಲ್ಲಿಂದ ಮರಿಗಳು ಬೇರೆ ಬೇರೆ ರಾಜ್ಯಗಳಿಗೆ ಹೋದವು. ಕಾವೇರಿಗೂ ಬಂದವು.

ಕಾವೇರಿಯಲ್ಲಿ ಆಗಲೇ ಇನ್ನೊಂದು ಮಹಶೀರ್ ಇತ್ತು. ಕಿತ್ತಳೆ ಬಣ್ಣದ ರೆಕ್ಕೆ, ಬೆನ್ನ ಮೇಲೆ ಎದ್ದ ಡುಬ್ಬ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಂದರೆ ಸುಮಾರು 54 ಕಿಲೋ! ಅಂಥ ಮೀನು ಡೈನಮೈಟಿಗೆ, ಅಣೆಕಟ್ಟಿಗೆ, ಮರಳು ತೆಗೆಯುವವರಿಗೆ ಸಿಕ್ಕಿ ಕಮ್ಮಿಯಾಗುತ್ತಿತ್ತು. ಕಮ್ಮಿಯಾಯಿತಲ್ಲ ಅಂತ ಪ್ರೀತಿಯಿಂದಲೇ ಜನ ಖುದ್ರಿ ಮರಿ ತಂದು ಬಿಟ್ಟರು. ಎರಡೂ ಮಹಶೀರೇ ಅಲ್ವಾ ಅಂದುಕೊಂಡರು.

ಆಮೇಲೆ ಏನಾಯಿತು ಅಂತ ತಿಳಿದದ್ದು ಗಾಳ ಹಾಕುವವರು ಇಟ್ಟುಕೊಂಡಿದ್ದ ಲೆಕ್ಕದಿಂದ. ಕಾವೇರಿಯ ಗಾಳಿಬೋರೆ ಶಿಬಿರದಲ್ಲಿ ಮೀನು ಹಿಡಿದು, ತೂಗಿ, ವಾಪಸ್ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳಿದ್ದವು. ಸಂಶೋಧಕರು ಅದನ್ನು ಕೂತು ಬಿಡಿಸಿದರು. ಸುಮ್ನೆ ಒಟ್ಟು ಲೆಕ್ಕ ನೋಡಿದರೆ ಖುಷಿಪಡಬೇಕು, ಸಿಗುವ ಮೀನಿನ ಸಂಖ್ಯೆ ಏರಿತ್ತು. ಆದರೆ ಏರಿದ್ದು ನೀಲಿ ರೆಕ್ಕೆಯದು. ಕಿತ್ತಳೆ ರೆಕ್ಕೆಯದು ಇಳಿಯುತ್ತಾ ಹೋಗಿತ್ತು. ಸಿಕ್ಕ ಕೆಲವೂ ದೊಡ್ಡ ಮೀನುಗಳೇ. ಹೊಸ ಮರಿಗಳು ಬೆಳೆದು ಬರುತ್ತಿರಲಿಲ್ಲ.

ಈ ಭಾಗ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಂದು ಮೀನು ಕಣ್ಣೆದುರೇ ಅಳಿಯುತ್ತಿದ್ದರೆ ನದಿ ತುಂಬಾ ಮೀನಿದೆ ಅಂತ ಎಲ್ಲರೂ ಸಂತೋಷದಲ್ಲಿದ್ದರು. ಅಷ್ಟು ಹೆಸರುವಾಸಿ ಮೀನಿಗೆ ಸರಿಯಾದ ವೈಜ್ಞಾನಿಕ ಗುರುತೂ ಇರಲಿಲ್ಲ. ಅದು ಟಾರ್ ರೆಮಾದೇವಿ ಅಂತ ಡಿಎನ್‌ಎ ಹೋಲಿಸಿ ಖಚಿತಪಡಿಸಿದ್ದು 2018ರಲ್ಲಿ. ಆ ತಂಡದಲ್ಲಿ ಪುಣೆಯ ವಿಜ್ಞಾನ ಸಂಶೋಧನಾ ಸಂಸ್ಥೆ ಐಸರ್‌ನಲ್ಲಿದ್ದ ನೀಲೇಶ್ ದಹಾನೂಕರ್ ಕೂಡ ಇದ್ದರು. ಹೆಸರು ಗೊತ್ತಾದ ಮೇಲೆ ತಾನೇ ಯಾವ ಜೀವಿಗೆ ಎಷ್ಟು ಅಳಿವಿನ ಅಪಾಯ ಅಂತ ಹೇಳುವ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು? ಅದೂ ಅಳಿವಿಗೆ ತೀರಾ ಹತ್ತಿರದ ಸಾಲಿನಲ್ಲಿ.

ಮೀನನ್ನು ಹೀಗೆ ಗುರುತಿಸುವ ಕೆಲಸ ಹೇಗೆ ನಡೆಯುತ್ತದೆ ಅಂತ ಒಮ್ಮೆ ಮುಳಶಿ ಕಡೆ ಹೊಳೆಯ ದಂಡೆಯಲ್ಲಿ ನೋಡಿದ್ದೇನೆ. ಕಾಲೇಜಿನ ಹುಡುಗಿಯೊಬ್ಬಳು, ಜೊತೆಗೆ ಬೀಸುಬಲೆಯ ಅಜ್ಜ. ಬಲೆಯಲ್ಲಿ ಬಂದ ಬೆರಳುದ್ದದ ಮೀನನ್ನು ಒದ್ದೆ ತಟ್ಟೆಯಲ್ಲಿಟ್ಟು, ಪಕ್ಕೆಯ ಗೆರೆಯ ಮೇಲಿನ ಹುರುಪೆಗಳನ್ನು ಸೂಜಿಮೊನೆಯಿಂದ ಒಂದೊಂದಾಗಿ ಎಣಿಸುತ್ತಿದ್ದಳು. ಅಜ್ಜ ಮರಾಠಿಯಲ್ಲಿ ಮೀನಿನ ಹೆಸರು ಹೇಳುತ್ತಿದ್ದರು, ಅವಳು ಅದನ್ನೂ ಬರೆದುಕೊಳ್ಳುತ್ತಿದ್ದಳು. ರೆಕ್ಕೆಯ ತುದಿಯಿಂದ ಅಕ್ಕಿಕಾಳಿನಷ್ಟು ಚೂರು ಕತ್ತರಿಸಿ ಸ್ಪಿರಿಟ್ ತುಂಬಿದ ಸಣ್ಣ ಸೀಸೆಗೆ ಹಾಕಿ, ಚೀಟಿ ಅಂಟಿಸಿ, ಮೀನನ್ನು ನೀರಿಗೆ ಬಿಟ್ಟಳು. ಮತ್ತೆ ಮುಂದಿನದು. ಬಿಸಿಲು ಏರಿದರೂ ಇಬ್ಬರೂ ಎದ್ದಿರಲಿಲ್ಲ. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ಬಸ್ ಚಾರ್ಜು, ಸೀಸೆ, ಪ್ರಯೋಗಾಲಯದ ಖರ್ಚು, ಮತ್ತು ಅಜ್ಜನಿಗೆ ದಿನಗೂಲಿ ಸಾಕು. ಅಷ್ಟಕ್ಕೂ ಈ ಮಕ್ಕಳು ಪರದಾಡುತ್ತಾರೆ.

ಪುಣೆಯ ಭಾಗ್ಯ ಏನೆಂದರೆ, ಇಲ್ಲಿ ಹಳೆಯ ಲೆಕ್ಕಗಳಿವೆ. ಸೈಕ್ಸ್ ಆದ ಮೇಲೆ 1942ರಲ್ಲಿ ಫ್ರೇಸರ್ ಪುಣೆಯ ಮೀನುಗಳ ಪಟ್ಟಿ ಮಾಡಿದರು. 1963ರಲ್ಲಿ ತೊಣಪಿ ಮತ್ತು ಮುಳ್ಹೇರಕರ್, 2003ರಲ್ಲಿ ವಾಘ್ ಮತ್ತು ಘಾಟೆ. ಇಷ್ಟು ಉದ್ದದ ದಾಖಲೆ ಭಾರತದ ಎಷ್ಟು ಊರಿನ ನದಿಗಿದೆ ಹೇಳಿ? ಇವನ್ನು ಪಕ್ಕಪಕ್ಕ ಇಟ್ಟರೆ ಯಾವ ಮೀನು ಹೋಯಿತು, ಯಾವುದು ಹೊರಗಿಂದ ಬಂತು ಅಂತ ಓದಬಹುದು. ಆದರೆ ಒಂದೊಂದು ಪಟ್ಟಿಯ ನಡುವೆ ಇಪ್ಪತ್ತು ವರ್ಷ, ನಲವತ್ತು ವರ್ಷ, ಒಮ್ಮೆ ನೂರು ವರ್ಷ. ಅಷ್ಟರಲ್ಲಿ ಒಂದು ಮೀನಿನ ಕಥೆಯೇ ಮುಗಿದು ಹೋಗಬಹುದು.

ಇನ್ನು ಮುಠಾಗೆ ಮರಿ ಬಿಡುವ ವಿಚಾರ. ಮೀನು ಮತ್ತು ವನ್ಯಜೀವಿ ಬದುಕಲು ಒಂದು ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡವಿದೆ. ಬೇಸಿಗೆಯಲ್ಲಿ ಮುಠಾ ಮೇಲಿನ ಭಿಡೆ ಸೇತುವೆಯಲ್ಲಿ ಮೂಗು ಮುಚ್ಚಿಕೊಂಡು ಹೋಗುವವರಿಗೆ ಅಲ್ಲಿನ ಸ್ಥಿತಿ ಬಿಡಿಸಿ ಹೇಳಬೇಕಿಲ್ಲ. ಒಳ್ಳೆ ಜಾತಿಯ ಮರಿ ಬಿಟ್ಟರೆ ಸಾಯುತ್ತದೆ. ಬದುಕುವುದು ತಿಲಾಪಿಯಾ, ಗಪ್ಪಿ ಥರದವು. ತಿಲಾಪಿಯಾ ತಾಯಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಅದಕ್ಕೆ ಜಲ್ಲಿಕಲ್ಲಿನ ಹಂಗೂ ಇಲ್ಲ. ಭಿಗವಣದ ಮೀನು ಮಾರುಕಟ್ಟೆಯಲ್ಲಿ ಚಿಲಾಪಿ ಅಂತ ರಾಶಿ ಬೀಳುವುದು ಇದೇ. ಭೀಮಾ ನದಿಯ ಉಜನಿ ಅಣೆಕಟ್ಟಿನ ಹಿನ್ನೀರಿನ ಮೀನುಗಾರರಿಗೆ ಈಗ ಸಕ್ಕರ್ ಮೀನಿನ ಕಾಟ ಬೇರೆ. ಅಕ್ವೇರಿಯಂ ಗಾಜಿನ ಪಾಚಿ ತಿನ್ನಲಿ ಅಂತ ಅಂಗಡಿಯಿಂದ ತರುತ್ತೇವಲ್ಲ, ಅದೇ ಮೀನು. ದಕ್ಷಿಣ ಅಮೆರಿಕದ್ದು. ಕಬ್ಬಿಣದಂಥ ಮೈ. ಬಲೆಗೆ ಸಿಕ್ಕಿದರೆ ಬಲೆಯೇ ಹರಿಯುತ್ತದೆ, ಮಾರಿದರೆ ಕೊಳ್ಳುವವರಿಲ್ಲ.

ಇದು ಬರೀ ಪುಣೆಯವರ ಸಮಸ್ಯೆ ಅಂತ ನಮ್ಮವರು ಅಂದುಕೊಳ್ಳಬಾರದು. ಮುಳಾ-ಮುಠಾ ಭೀಮೆಗೆ ಸೇರುತ್ತದೆ, ಭೀಮೆ ಉಜನಿ, ಪಂಢರಪುರ ದಾಟಿ ಗಾಣಗಾಪುರಕ್ಕೆ ಬರುತ್ತದೆ. ಇಲ್ಲಿ ನಾವು ನೀರಿಗೆ ಬಿಟ್ಟದ್ದು ಅಫಜಲಪುರದ ಮೀನುಗಾರರ ಬಲೆಯವರೆಗೂ ಹೋಗಬಹುದು.

ಮುಳಾ, ಮುಠಾ ದಂಡೆಗಳ 44 ಕಿಲೋಮೀಟರ್ ಉದ್ದಕ್ಕೂ ನದಿತೀರ ಅಭಿವೃದ್ಧಿ ಯೋಜನೆ ನಡೆಯುತ್ತಿದೆ. ಕಾಲುದಾರಿ, ಕಟ್ಟೆ ಎಲ್ಲ ಬರಲಿ, ಚರಂಡಿ ನೀರು ನಿಲ್ಲುವುದು ಅದಕ್ಕಿಂತ ಮುಖ್ಯ. ಅದರ ಜೊತೆಗೆ ನನ್ನ ಬೇಡಿಕೆ ಒಂದೇ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮಳೆಗಾಲ ಮುಗಿದ ಮೇಲೆ ಒಂದು ಸಲ, ಅದದೇ ಜಾಗಗಳಲ್ಲಿ, ಪ್ರತಿ ವರ್ಷ ಮೀನು ಎಣಿಸಲಿ. ಪುಣೆಯ ಕಾಲೇಜುಗಳ ಮಕ್ಕಳಿಗೇ ಆ ಕೆಲಸ ಕೊಡಲಿ, ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಇಡಲಿ. ಎಣಿಸಿ ನೋಡದೆ ಯಾರೂ ಒಂದು ಮರಿಯನ್ನೂ ಬಿಡುವುದು ಬೇಡ.

ನಮ್ಮ ಗುಂಪಿನ ಹಿರಿಯರಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ಹಾಗಾದರೆ ಮೀನುಮರಿಗೆ ಅಂತ ಎತ್ತಿದ ದುಡ್ಡು ಏನು ಮಾಡೋಣ ಅಂತ ಕೇಳಿದರು. ನದಿ ಮೀನಿನ ಮೇಲೆ ಕೆಲಸ ಮಾಡುವ ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಓಡಾಟದ ಖರ್ಚಿಗೆ ಕೊಡೋಣ ಅಂದಿದ್ದೇನೆ. ಅಂಥ ಮಕ್ಕಳು ನಿಮಗೆ ಗೊತ್ತಿದ್ದರೆ ಅವರ ಕಾಲೇಜಿನ ಮೂಲಕ ನನಗೆ ಮೆಸೇಜ್ ಮಾಡಲು ಹೇಳಿ. ಮನೆಯಲ್ಲಿ ಅಕ್ವೇರಿಯಂ ಇದ್ದು ಮೀನು ಬೇಡವಾಗಿದ್ದರೆ ದಯವಿಟ್ಟು ಪಾಷಾಣ ಕೆರೆಗೋ ಕಾತ್ರಜ್ ಕೆರೆಗೋ ಬಿಡಬೇಡಿ, ಸಾಕುವ ಇನ್ನೊಬ್ಬರಿಗೆ ಕೊಡಿ.