ಒಂದು ಸೈನ್ ಅಷ್ಟೇ

ಅಪ್ಪ ಹೋಗಿ ಎರಡು ವರ್ಷವಾಯಿತು. ರಾಜಾಜಿನಗರದ ಮನೆಯ ಖಾತೆ ಇನ್ನೂ ಅವರ ಹೆಸರಿನಲ್ಲೇ ಇದೆ. ಈ ಸಲ ನಾನು ಜ್ಯೂರಿಕ್‌ನಿಂದ ರಜೆ ಹಾಕಿ ಬಂದದ್ದೇ ಆ ಕೆಲಸಕ್ಕೆ. ಟೈಪ್ ಮಾಡಿಸಿದ ಹಾಳೆಗಳನ್ನು ಅಣ್ಣ ಊಟದ ಟೇಬಲ್ ಮೇಲೆ ಹರಡಿದ. ಹಕ್ಕು ಬಿಡುಗಡೆ ಪತ್ರ. "ಅಕ್ಕಾ, ಸುಮ್ನೆ ಒಂದು ಸೈನ್ ಅಷ್ಟೇ" ಎಂದ. ಅಕ್ಕ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು, "ನನಗೇನಪ್ಪಾ ಬೇಕು, ಗೌರಿ ಹಬ್ಬಕ್ಕೆ ಕರೀರಿ, ಸಾಕು" ಎಂದಳು.

ನಾನು ಹಾಳೆ ತಿರುವಿ ಓದಿದೆ. "ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ" ಅಂತ ಇತ್ತು.

ಹನ್ನೊಂದು ವರ್ಷದಿಂದ ಸ್ವಿಟ್ಜರ್ಲೆಂಡಿನಲ್ಲಿದ್ದೇನೆ. ಆಫೀಸಿನಲ್ಲಿ ಕಾಫಿ ಹೊತ್ತಿಗೆ ಯಾರಾದರೂ "ನಿಮ್ಮ ದೇಶದಲ್ಲಿ ಹೆಂಗಸರ ಪಾಡು ಕಷ್ಟ ಅಲ್ವಾ" ಎಂದರೆ ನನ್ನ ಹತ್ತಿರ ಉತ್ತರ ರೆಡಿ ಇರುತ್ತದೆ. ನಮ್ಮ ಹೆಂಗಸರು 1951-52ರ ಮೊದಲ ಮಹಾಚುನಾವಣೆಯಲ್ಲೇ ಓಟು ಹಾಕಿದ್ದರು. ಇವರ ಹೆಂಗಸರಿಗೆ ದೇಶದ ಚುನಾವಣೆಯಲ್ಲಿ ಓಟು ಸಿಕ್ಕಿದ್ದು 1971ರಲ್ಲಿ! ಕೊಡಬೇಕೋ ಬೇಡವೋ ಅಂತ ತೀರ್ಮಾನಿಸಿದವರೂ ಗಂಡಸರೇ, ಜನಮತದಲ್ಲಿ. 1959ರಲ್ಲಿ ಮೂರರಲ್ಲಿ ಎರಡು ಪಾಲು ಗಂಡಸರು ಬೇಡ ಅಂದಿದ್ದರು. ಅಪೆಂಜೆಲ್ ಇನ್ನರ್‌ರೋಡನ್ ಅಂತ ಬೆಟ್ಟದ ನಡುವೆ ಒಂದು ಪುಟ್ಟ ರಾಜ್ಯವಿದೆ. ಅಲ್ಲಿ ಇವತ್ತಿಗೂ ಜನ ಚೌಕದಲ್ಲಿ ಸೇರಿ ಕೈ ಎತ್ತಿ ಮತ ಹಾಕುತ್ತಾರೆ. ಗಂಡಸರು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಬರುತ್ತಾರೆ, ಅದೇ ಅವರ ಓಟರ್ ಐಡಿ. ರಾಜ್ಯದ ವಿಷಯಗಳಲ್ಲಿ ಹೆಂಗಸರಿಗೆ ಓಟು ಬೇಡ ಅಂತ ಅಲ್ಲಿಯ ಗಂಡಸರು 1990ರಲ್ಲೂ ಕೈ ಎತ್ತಿದರು. ಅದೇ ವರ್ಷ ದೇಶದ ದೊಡ್ಡ ಕೋರ್ಟು ಹೇಳಿದ ಮೇಲೆ ದಾರಿಗೆ ಬಂದರು. ಇಷ್ಟು ಹೇಳಿ ಕಾಫಿ ಮುಗಿಸುವುದು ನನಗೆ ಬಹಳ ಖುಷಿಯ ಕೆಲಸ.

ನಮ್ಮ ಕೆಳಗಿನ ಮನೆಯ ಅಜ್ಜಿ ಇನ್ನೊಂದು ಹೇಳಿದ್ದರು. 1988ಕ್ಕೆ ಹೊಸ ಮದುವೆ ಕಾಯ್ದೆ ಬರುವ ತನಕ ಹೆಂಡತಿ ಹೊರಗೆ ದುಡಿಯಲು ಗಂಡನ ಒಪ್ಪಿಗೆ ಬೇಕಿತ್ತಂತೆ. ಕಾಯ್ದೆ ಬದಲಾದ ಮೇಲೆ ಅಜ್ಜಿ ಹೊಲಿಗೆ ಅಂಗಡಿಗೆ ಸೇರಿದರು. ಗಂಡ ಗೊಣಗಿದರೂ ತಡೆಯಲಾಗಲಿಲ್ಲ. ಅಲ್ಲಿಯ ಜನ ಹಾಗೆಯೇ, ಕೆಟ್ಟ ಕಾನೂನನ್ನೂ ಪಾಲಿಸುತ್ತಾರೆ, ಒಳ್ಳೆಯದನ್ನೂ ಪಾಲಿಸುತ್ತಾರೆ. (ಈಗ ಎಲ್ಲ ಸರಿ ಅಂತಲ್ಲ. ಮಧ್ಯಾಹ್ನ ಊಟಕ್ಕೆ ಮಕ್ಕಳು ಶಾಲೆಯಿಂದ ಮನೆಗೆ ಬರುವ ಪದ್ಧತಿ ಎಷ್ಟೋ ಕಡೆ ಇನ್ನೂ ಇದೆ. ಬಡಿಸೋಕೆ ಅಮ್ಮನೇ ಬೇಕು.)

ನಮ್ಮಲ್ಲಿ ಕಾನೂನಿಗೇನು ಕಮ್ಮಿ? ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಅವರು ದುಡಿದು ಕೊಂಡ ಮನೆಯಲ್ಲಿ ಮಗಳಿಗೂ ಸಮಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಪಿತ್ರಾರ್ಜಿತ ಆಸ್ತಿಯಲ್ಲೂ ಕರ್ನಾಟಕ 1994ರಲ್ಲೇ ಪಾಲು ಕೊಟ್ಟಿತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂದು ಆ ತಡೆಯೂ ಹೋಯಿತು. ಕಾಗದದ ಮೇಲೆ ಅಕ್ಕ ನಮಗೆ ಸರಿಸಮ. ಅದಕ್ಕೇ ತಾನೇ ಅವಳ ಸೈನ್ ಬೇಕಾಗಿರುವುದು! ಸೈನ್ ಮಾಡಿದರೆ ರೇಷ್ಮೆ ಸೀರೆ, ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ದುಡ್ಡು, ವರ್ಷಕ್ಕೊಮ್ಮೆ ಬಾಗಿನ. ಪಾಲು ಕೇಳಿದರೆ "ತವರಿನ ಮೇಲೆ ಕೇಸು ಹಾಕಿದವಳು" ಅನ್ನೋ ಹೆಸರು. ಇಲ್ಲಿ ಯಾರೂ ಕತ್ತಿ ಕಟ್ಟಿಕೊಂಡು ಬರುವುದಿಲ್ಲ.

ರಾತ್ರಿ ಅಣ್ಣನಿಗೆ ಹೇಳಿದೆ, ಮೂರು ಪಾಲು ಮಾಡೋಣ ಅಂತ. "ಅವಳೇ ಬೇಡ ಅಂದಳಲ್ಲೋ" ಎಂದು ಟಿವಿ ಹಾಕಿದ. ಬೆಳಿಗ್ಗೆ ಅಕ್ಕನಿಗೇ ಹೇಳಿದೆ. ಅವಳು ಅವರೆಕಾಳು ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ನೀನು ನಾಡಿದ್ದು ಫ್ಲೈಟ್ ಹತ್ತುತ್ತೀಯ. ಇಲ್ಲಿ ಇರೋಳು ನಾನು. ಪೆನ್ನು ಕೊಡು."