ಹೃದಯವಂತರ ಉಚಿತ ಶಿಬಿರ

ಸೆಪ್ಟೆಂಬರ್ 29, ವಿಶ್ವ ಹೃದಯ ದಿನ. ಕೊಪ್ಪಳದ ನಮ್ಮ ಓಣಿಯಲ್ಲಿ ಉಚಿತ ಹೃದಯ ತಪಾಸಣಾ ಶಿಬಿರ ಇತ್ತು. ಫ್ಲೆಕ್ಸಿನಲ್ಲಿ ಹನ್ನೊಂದು ಮುಖ, ಹನ್ನೊಂದೂ 'ಹೃದಯವಂತರು'. ಮೂಲೆಯಲ್ಲಿ ಒಂದು ಕೆಂಪು ಹೃದಯವೂ ಇತ್ತು, ಸಾಹೇಬರ ಮೂಗಿಗಿಂತ ಸ್ವಲ್ಪ ಸಣ್ಣದು.

ಹತ್ತಕ್ಕೆ ಅಂದಿದ್ದರು. ಸಾಹೇಬರು ಬಂದಿದ್ದು ಒಂದೂವರೆಗೆ. ಅಲ್ಲಿವರೆಗೆ ಬಿಪಿ ಮಷಿನ್ನಿಗೂ ಕೈ ಹಚ್ಚುವ ಹಾಗಿಲ್ಲ, ಉದ್ಘಾಟನೆ ಆಗಬೇಕಲ್ವಾ? ನಮ್ಮ ಪಕ್ಕದ ಮನೆ ದೊಡ್ಡಮ್ಮ ಅಷ್ಟೂ ಹೊತ್ತು ಬಿಸಿಲಲ್ಲಿ ನಿಂತಿದ್ದಳು. ಎರಡೂ ಕಾಲು ಬಾತು, ಚಪ್ಪಲಿ ಪಟ್ಟಿ ಚರ್ಮದೊಳಗೆ ಹೂತು ಹೋಗಿತ್ತು. ಸಾಹೇಬರು ಇಳಿದದ್ದೇ ತಡ, ಕಾರ್ಯಕರ್ತರೆಲ್ಲ ಒಬ್ಬರ ಮೇಲೊಬ್ಬರು ಅವರ ಕಾಲಿಗೆ ಬಿದ್ದರು. ಅದೇ ಎತ್ತರಕ್ಕೆ ಬಗ್ಗಿದವರು ಪಕ್ಕಕ್ಕೆ ಕತ್ತು ತಿರುಗಿಸಿದ್ದರೆ ದೊಡ್ಡಮ್ಮನ ಕಾಲೂ ಕಾಣುತ್ತಿತ್ತು.

ಭಾಷಣದಲ್ಲಿ ಉಪ್ಪು ಕಡಿಮೆ ತಿನ್ನಿ ಅಂದರು. ದಿನಕ್ಕೆ 5 ಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ. ಚಪ್ಪಾಳೆ ಬಿತ್ತು. ಆಮೇಲೆ ಎಲ್ಲರಿಗೂ ಒಗ್ಗರಣೆ ಮಂಡಕ್ಕಿ, ಮಿರ್ಚಿ. (ಮಿರ್ಚಿ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ನಾನೂ ಮೂರು ತಿಂದೆ.)

ಮೂರು ಗಂಟೆಗೆ ದೊಡ್ಡಮ್ಮನ ಪಾಳಿ ಬಂತು. "ಸರ, ಎರಡು ತಿಂಗಳಾತ್ರೀ, ಮಲಗಿದ್ರ ದಮ್ ಹತ್ತತೈತಿ" ಅಂದಳು. ಮೇಜಿನ ಹಿಂದಿದ್ದ ಹುಡುಗ ಬಿಪಿ ನೋಡಿ, "ಗ್ಯಾಸ್ ಇರಬೇಕು ಯಮ್ಮಾ" ಅಂತ ಒಂದು ಗುಳಿಗೆ ಕೊಟ್ಟ. ಕಣಕಾಲಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದ್ದರೆ ತಗ್ಗು ಬೀಳುತ್ತಿತ್ತು, ಕಾಲಲ್ಲಿ ನೀರು ನಿಂತಿದೆ ಅಂತ ಗೊತ್ತಾಗುತ್ತಿತ್ತು. ಅದಕ್ಕೆ ಕರೆಂಟೂ ಬೇಡ, ಸಾಹೇಬರೂ ಬೇಡ.

ಆಮೇಲೆ ಮಗ ಹೊಸಪೇಟೆಗೆ ಕರೆದೊಯ್ದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದ. ಹಾರ್ಟ್ ಫೇಲ್ಯೂರ್. ಹೃದಯ ನಿಂತುಹೋಯಿತು ಅಂತ ಅರ್ಥ ಅಲ್ಲ, ಪಂಪಿಗೆ ಶಕ್ತಿ ಸಾಲುತ್ತಿಲ್ಲ ಅಂತ. ರಿಪೋರ್ಟಿನಲ್ಲಿ ಇ.ಎಫ್. 30. ಎಸ್ಸೆಸ್ಸೆಲ್ಸಿ ಓದುವ ಮೊಮ್ಮಗ ನೋಡಿ (ಆಗ ಪಾಸಿಗೆ 35 ಬೇಕಿತ್ತು), "ಐದು ಮಾರ್ಕ್ಸಿನಾಗ ಹೋತಲ್ಲ ಅಜ್ಜಿ" ಅಂದ. ಪಾಪ, ಹೃದಯಕ್ಕೆ 35 ಬಂದರೂ ಪಾಸಲ್ಲ. ಹೃದಯದ ಎಡ ಕೆಳಕೋಣೆ ತನ್ನಲ್ಲಿ ತುಂಬಿದ ರಕ್ತದಲ್ಲಿ ಒಂದೊಂದು ಬಡಿತಕ್ಕೆ ನೂರಕ್ಕೆ ಎಷ್ಟು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ ಅದು. ಸುಮಾರು 55ರಿಂದ 70 ಇದ್ದರೆ ಸರಿ. ಪೂರ್ತಿ ನೂರು ಯಾರಿಗೂ ಬರಲ್ಲ, ಹನ್ನೊಂದು ಹೃದಯವಂತರಿಗೂ. ಇನ್ನೊಂದು ತಮಾಷೆ, 60 ಬಂದು ಫಸ್ಟ್ ಕ್ಲಾಸ್ ಆದವರೂ ಫೇಲ್ ಆಗಬಹುದು. ಹೃದಯ ಗಡುಸಾಗಿ, ಸರಿಯಾಗಿ ಸಡಿಲಗೊಂಡು ತುಂಬಿಕೊಳ್ಳದಿದ್ದರೆ ಅವರಿಗೂ ಇದೇ ದಮ್ಮು, ಇದೇ ಬಾವು.

ಡಾಕ್ಟರು ಡಪಾಗ್ಲಿಫ್ಲೋಜಿನ್ ಬರೆದುಕೊಟ್ಟರು. ಮೂಲತಃ ಸಕ್ಕರೆ ಕಾಯಿಲೆಯ ಗುಳಿಗೆ. ಇಪ್ಪತ್ತು ದೇಶಗಳಲ್ಲಿ 4,744 ರೋಗಿಗಳ ಮೇಲೆ ಪ್ರಯೋಗ ಮಾಡಿ, ಸಕ್ಕರೆ ಇಲ್ಲದವರ ದುರ್ಬಲ ಹೃದಯಕ್ಕೂ ಇದು ಒಳ್ಳೆಯದು ಅಂತ 2019ರಲ್ಲೇ ತೋರಿಸಿದ್ದಾರೆ. ನಮ್ಮ ಓಣಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. "ನಿನಗೆಲ್ಲಿ ಸಕ್ಕರಿ ಐತಿ, ಡಾಕ್ಟರು ಸುಮ್ನೆ ರೊಕ್ಕ ಹೊಡಿಲಿಕ್ಕೆ ಬರದಾನ" ಅಂತ ನಾಲ್ಕು ಜನ ಬಂದು ತೀರ್ಪು ಕೊಟ್ಟು ಹೋದರು. ದೊಡ್ಡಮ್ಮ ಅವರಿಗೆಲ್ಲ ಚಹಾ ಕೊಟ್ಟಳು, ಗುಳಿಗೆ ಬಿಡಲಿಲ್ಲ.

ಶಿಬಿರದ ಫೋಟೋ ವಾಟ್ಸಾಪಿನಲ್ಲಿ ಬಂದಿದೆ. ಸಾಹೇಬರು ದೊಡ್ಡಮ್ಮನ ಕೈ ಹಿಡಿದು ನಗುತ್ತಿದ್ದಾರೆ. ಚಿತ್ರ ಮೊಣಕಾಲಿಗೆ ಮುಗಿದಿದೆ.