ವಿಮಾ ಕಂಪನಿಗೆ ಹೋದರೆ ವಿಜ್ಞಾನಕ್ಕೆ ನಷ್ಟವೇ?

ವಿಶ್ವವಿದ್ಯಾಲಯವೊಂದರ ಭೂಕಂಪ ಸಂಶೋಧನಾ ತಂಡದ ಬಗ್ಗೆ ಲೇಖನವೊಂದನ್ನು ಓದಿದೆ. ಅಲ್ಲಿ ಪಿಎಚ್‌ಡಿ ಮುಗಿಸಿದವರು ವಿಮಾ ಕಂಪನಿ ಸೇರಿದ್ದು ‘ವಿಜ್ಞಾನಕ್ಕೆ ನಷ್ಟ’ ಅಂತ ಅದು ಹೇಳುತ್ತದೆ. ಒಪ್ಪಲಾರೆ. ಭೂಕಂಪ ಆದರೆ ಎಷ್ಟು ಕಟ್ಟಡ ಬೀಳಬಹುದು ಅಂತ ವಿಮಾ ಕಂಪನಿ ಹಾಕೋ ಲೆಕ್ಕವೂ ಇದೇ ವಿಜ್ಞಾನ ಅಲ್ವಾ? ನೆಲ ಎಷ್ಟು ಜೋರಾಗಿ ಅಲುಗುತ್ತದೆ ಅಂತ ಗೊತ್ತಿಲ್ಲದೆ ಆ ಲೆಕ್ಕ ಶುರುವೇ ಆಗುವುದಿಲ್ಲ.

ನಷ್ಟ ಇರುವುದು ಬೇರೆ ಕಡೆ. ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ನೇತೃತ್ವದ ತಂಡವೊಂದು 2019ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹತ್ತು ವರ್ಷಗಳ ಅವಧಿಯ ಹಳೇ ಭೂಕಂಪ ದಾಖಲೆಗಳನ್ನೇ ಮತ್ತೆ ಜಾಲಾಡಿ ಸುಮಾರು 18 ಲಕ್ಷ ಕಂಪನ ಹುಡುಕಿತು. ಮೊದಲಿದ್ದ ಪಟ್ಟಿಯ ಹತ್ತು ಪಟ್ಟು! ಗೊತ್ತಿರುವ ಕಂಪನದ ಅಲೆಯನ್ನು ಮಾದರಿಯಾಗಿಟ್ಟುಕೊಂಡು, ಅದನ್ನು ಹೋಲುವ ಸಣ್ಣ ಅಲೆಗಳನ್ನು ದಾಖಲೆಯಲ್ಲಿರುವ ಬೇರೆ ಅಲುಗಾಟಗಳ ಗದ್ದಲದೊಳಗಿಂದ ಹೆಕ್ಕಿದರು, ಅಷ್ಟೇ. ಹಳೇ ದಾಖಲೆ ಜೋಪಾನವಾಗಿ ಇದ್ದುದರಿಂದ ಇದು ಆಯಿತು. ಕಂಪನ ಅಳೆಯುವ ಯಾವ ಸ್ಟೇಷನ್ನಿನ ಗಡಿಯಾರ ಯಾವಾಗ ತಪ್ಪಿತ್ತು, ಯಾವ ಸೆನ್ಸರ್ ಯಾವತ್ತು ಬದಲಾಯಿತು ಅನ್ನೋದೆಲ್ಲ ಒಬ್ಬ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲೇ ಉಳಿದರೆ, ಅವನು ವಿಮಾ ಕಂಪನಿಗೆ ಹೋದರೂ ಅಷ್ಟೇ, ಬೇರೆ ಕಡೆ ಪ್ರೊಫೆಸರ್ ಆದರೂ ಅಷ್ಟೇ, ತಂಡಕ್ಕೆ ನಷ್ಟ ಒಂದೇ. ಆ ವಿಶ್ವವಿದ್ಯಾಲಯದ ತಂಡ ತನ್ನ ದಾಖಲೆ, ಕಂಪ್ಯೂಟರ್ ಕೋಡ್ ಎಲ್ಲಿಟ್ಟಿದೆ ಅಂತ ಲೇಖಕರು ಕೇಳಬೇಕಿತ್ತು. ಸುಮ್ನೆ ಯಾರಿಗೆ ಎಲ್ಲಿ ಕೆಲಸ ಸಿಕ್ಕಿತು ಅನ್ನೋದಕ್ಕೇ ಅರ್ಧ ಲೇಖನ ಹೋಗಿದೆ.